ಮಾತು ಬಿಟ್ಟ ಪ್ರೊಸೆಸರುಗಳು

ಒಂದೇ ಚಿಪ್ಪಿನೊಳಗೆ ಎರಡು ಥರದ ಪ್ರೊಸೆಸರ್ ಇರ್ತವೆ ಅಂದ್ರೆ ಸಾಫ್ಟ್‌ವೇರಿನವರಲ್ಲೇ ಕೆಲವರು ಹುಬ್ಬೇರಿಸ್ತಾರೆ. ಎಸ್‌ಟಿಎಂ32ಎಂಪಿ157 ಅನ್ನೋ ಚಿಪ್ಪು ಹಾಗೇ ಇದೆ. ಒಂದು ಕಡೆ ಲಿನಕ್ಸ್ ಓಡಿಸೋ ಎರಡು ಕಾರ್ಟೆಕ್ಸ್-ಎ7 ಕೋರುಗಳು, ಇನ್ನೊಂದು ಕಡೆ ಒಂಟಿ ಕಾರ್ಟೆಕ್ಸ್-ಎಂ4. ಲಿನಕ್ಸ್ ದೊಡ್ಡ ಮನೆ ಯಜಮಾನನ ಹಾಗೆ. ನೂರೆಂಟು ಕೆಲಸ, ಕರೆದ ಕೂಡಲೇ ಓಗೊಡ್ತಾನೆ ಅನ್ನೋ ಖಾತ್ರಿ ಇಲ್ಲ. ಎಂ4ಗೆ ಒಂದೇ ಕೆಲಸ, ಹೊತ್ತಿಗೆ ಸರಿಯಾಗಿ ಮಾಡುತ್ತೆ. ಆದ್ರೆ ಇಬ್ಬರೂ ಮಾತಾಡಿಕೊಳ್ಳಬೇಕಲ್ಲ...

ಈ ಸಲ ಸಿರಿಗೇರಿಗೆ ಹೋದಾಗ ಈ ಬೋರ್ಡು ಅಕ್ಕನ ಮನೆ ಪಡಸಾಲೆಯಲ್ಲಿ ಕೂತಿತ್ತು. ಅಕ್ಕನ ಮಗನದು ಇಂಜಿನಿಯರಿಂಗ್ ಕೊನೇ ವರ್ಷ. ಭತ್ತದ ಗದ್ದೆಯ ನೀರಿನ ಮಟ್ಟವನ್ನ ಎಂ4 ಅಳೆಯಬೇಕು, ಲಿನಕ್ಸ್ ಅದನ್ನ ಬರೆದಿಟ್ಟು ಮೋಟ್ರು ಯಾವಾಗ ಹಾಕಬೇಕು ಅಂತ ಹೇಳಬೇಕು. ತುಂಗಭದ್ರಾ ಕಾಲುವೆ ನೀರು ನಂಬಿರೋ ಸಿರುಗುಪ್ಪ ಸೀಮೆಯ ಹುಡುಗನಿಗೆ ಇದಕ್ಕಿಂತ ಒಳ್ಳೇ ಪ್ರಾಜೆಕ್ಟು ಬೇಕಾ? ಆದ್ರೆ ಅವನ ಕ್ಲಾಸಿನ ಅರ್ಧ ಜನ ರೆಡಿಮೇಡ್ ಪ್ರಾಜೆಕ್ಟು ಕೊಂಡು ನಿಶ್ಚಿಂತೆಯಿಂದ ಇದ್ದರು. ಇವನಿಗೂ ಹನ್ನೆರಡು ಸಾವಿರಕ್ಕೆ ಒಂದು ಗೊತ್ತಾಗಿತ್ತು. ಸೋಮವಾರ ದುಡ್ಡು ಕಟ್ಟಬೇಕು. ಭತ್ತ ಮಾರಿದ ದುಡ್ಡಲ್ಲಿ ಅಕ್ಕ ತೆಗೆದಿಟ್ಟಿದ್ದಳು. ನಾನು ಹೋಗಿದ್ದು ಶುಕ್ರವಾರ.

"ಮಾಮ, ಇವು ಮಾತಾಡಂಗಿಲ್ಲ ಬಿಡು. ಕೊಂಡು ಬಿಡ್ತೀನಿ" ಅಂದ. ಅವನ ಮುಖ ನೋಡಿ ಸಂಕಟ ಆಯ್ತು. ಹುಡುಗ ಮೂರು ವಾರ ನಿದ್ದೆಗೆಟ್ಟಿದ್ದ.

ಈ ವ್ಯವಸ್ಥೆಯಲ್ಲಿ 'ಮೇಲ್‌ಬಾಕ್ಸ್' ಅಂತ ಒಂದಿದೆ. ಹೆಸರು ಕೇಳಿ ಅದರೊಳಗೆ ಪತ್ರ ಇರುತ್ತೆ ಅಂದ್ಕೋಬೇಡಿ. ಈ ಚಿಪ್ಪಿನಲ್ಲಿ ಅದು ಬರೀ ಗಂಟೆ! ಪತ್ರ ಇರೋದು ಇಬ್ಬರಿಗೂ ಕೈಗೆಟಕೋ ಮೆಮೊರಿಯಲ್ಲಿ. ಇಟ್ಟವನು ಗಂಟೆ ಹೊಡೀತಾನೆ, ಇನ್ನೊಬ್ಬ ಬಂದು ಓದಿಕೊಂಡು ಹೋಗ್ತಾನೆ. ಪತ್ರ ಎಲ್ಲಿಡಬೇಕು ಅನ್ನೋ ವಿವರ ಎಂ4ನ ಫರ್ಮ್‌ವೇರಿನೊಳಗೆ 'ರಿಸೋರ್ಸ್ ಟೇಬಲ್' ಅನ್ನೋ ಪಟ್ಟಿಯಲ್ಲಿರುತ್ತೆ. ಲಿನಕ್ಸ್ ಆ ಪಟ್ಟಿ ಓದಿದ ಮೇಲೇ ಮುಂದಿನ ಮಾತು. 2012ರಲ್ಲಿ ಲಿನಕ್ಸ್ 3.4ರ ಜೊತೆ ಬಂದ ಆರ್‌ಪಿಎಂಎಸ್‌ಜಿ ಅನ್ನೋ ಪದ್ಧತಿ ಇದು.

ಕರ್ನಲ್ ಲಾಗ್ ತೆಗೆದು ಸಾಲು ಸಾಲಾಗಿ ಓದಿದ್ವಿ. ಎಂ4 ಎದ್ದಿದೆ ಅನ್ನೋ ಸಾಲಿತ್ತು. ಅದಕ್ಕೂ ಮೇಲೆ, ಯಾರೂ ಗಮನಿಸದ ಹಾಗೆ, ಈ ಫರ್ಮ್‌ವೇರಿನಲ್ಲಿ ರಿಸೋರ್ಸ್ ಟೇಬಲ್ ಸಿಗಲಿಲ್ಲ ಅಂತ ಒಂದು ಎಚ್ಚರಿಕೆ. ಪಟ್ಟಿಯೇನೋ ಒಳಗಿತ್ತು. ಆದ್ರೆ ನೆಟ್ಟಲ್ಲಿ ಸಿಕ್ಕಿದ್ದ ಲಿಂಕರ್ ಸ್ಕ್ರಿಪ್ಟು ಅದನ್ನ ಬೇರೆ ವಿಭಾಗವಾಗಿ ಇಡದೆ ಉಳಿದ ಡೇಟಾ ಜೊತೆ ಕಲಸಿಬಿಟ್ಟಿತ್ತು. ಪಾಪ ಎಂ4 ಎದ್ದು, ಎಲ್‌ಇಡಿ ಹಚ್ಚಿಕೊಂಡು, ಲಿನಕ್ಸಿಗಾಗಿ ಕಾಯ್ತಾ ಕೂತಿತ್ತು. ಲಿನಕ್ಸಿಗೆ ಅದರ ಮನೆ ವಿಳಾಸವೇ ಗೊತ್ತಿಲ್ಲ. ಸ್ಕ್ರಿಪ್ಟಿಗೆ ನಾಲ್ಕು ಸಾಲು ಸೇರಿಸಿ ಮತ್ತೆ ಬಿಲ್ಡ್ ಮಾಡಿದ್ದೇ ತಡ, ಟಿಟಿವೈ ಹೆಸರಿನ ಚಾನೆಲ್ ಹುಟ್ಟಿತು.

ಇನ್ನೊಂದು ಸ್ವಾರಸ್ಯ. ಮೊದಲ ಮಾತು ಲಿನಕ್ಸೇ ಆಡಬೇಕು. ಅದು ಆಡೋವರೆಗೆ ಯಾವ ವಿಳಾಸಕ್ಕೆ ಉತ್ತರಿಸಬೇಕು ಅಂತ ಎಂ4ಗೆ ಗೊತ್ತಾಗಲ್ಲ. ಸರಿ, ಲಿನಕ್ಸಿನಿಂದ ಒಂದು 'ನಮಸ್ಕಾರ' ಕಳಿಸಿದ್ವಿ. ಬಂದದ್ದನ್ನ ಹಾಗೇ ವಾಪಸ್ ಕಳಿಸೋದು ಎಂ4ನ ಕೆಲಸ. ಆದ್ರೆ ಬೋರ್ಡಿನ ಹಳೇ ಕರ್ನಲ್ಲಿನಲ್ಲಿ ಟಿಟಿವೈ ಕೂಡ ಬಂದದ್ದನ್ನ ತಿರುಗಿ ಕಳಿಸ್ತಿತ್ತು! ಬಾಗಿಲಲ್ಲಿ ನಿಂತ ಬೀಗರ ಹಾಗೆ 'ನಮಸ್ಕಾರ' 'ನಮಸ್ಕಾರ' ಅಂತ ನಿಲ್ಲದೆ ನಡೆದಿತ್ತು :) ಎಕೋ ಆರಿಸಿದ ಮೇಲೆ ಶಾಂತಿ.

ಆಮೇಲೆ ಹುಡುಗನಿಗೆ ಹುರುಪು ಬಂತು. 'ಸಿರಿಗೇರಿ' ಅಂತ ಬರೆದು ಕಳಿಸಿದ. ಯೂನಿಕೋಡಿನಲ್ಲಿ ಎಂಟು ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 24. ಪತ್ರದ ಅಳತೆ 512 ಬೈಟು. ಅದರಲ್ಲಿ 16 ತಲೆಬರಹಕ್ಕೆ ಹೋಗಿ ಉಳಿಯೋದು 496. ಊರ ಹೆಸರನ್ನ 20 ಸಲ ಬರೆದರೆ ಆರಾಮಾಗಿ ಹಿಡಿಸ್ತು. 21 ಸಲ ಬರೆದರೆ 496 ಬೈಟಿನದೊಂದು, 8 ಬೈಟಿನದೊಂದು ಪತ್ರವಾಗಿ ಒಡೆದು, ಕತ್ತರಿ ಸರಿಯಾಗಿ ಅಕ್ಷರದ ನಡುವೆ ಬಿತ್ತು. ಬರೀ ಇಂಗ್ಲಿಷ್ ಕಳಿಸಿ ಪರೀಕ್ಷೆ ಮಾಡೋರಿಗೆ ಇದು ಕಾಣಿಸೋದೇ ಇಲ್ಲ ನೋಡಿ.

ಶನಿವಾರ ರಾತ್ರಿ ದೊಡ್ಡ ಪರೀಕ್ಷೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ, 10 ಮಿಲಿಸೆಕೆಂಡಿಗೊಂದರಂತೆ 10 ಲಕ್ಷ. ಹೆಚ್ಚುಕಡಿಮೆ ಮೂರು ಗಂಟೆ ಕೆಲಸ. ನಾಲ್ಕು ಲಕ್ಷ ದಾಟಿತ್ತು, ಕರೆಂಟು ಹೋಯ್ತು. ಎದುರು ಮನೆಯ ಇನ್ವರ್ಟರಿನಿಂದ ವೈರು ಎಳೆದುಕೊಂಡು ಮತ್ತೆ ಸೊನ್ನೆಯಿಂದ ಶುರು. ನಾನು ನಿದ್ದೆ ಹೋದೆ, ಅವನು ಹೋಗಲಿಲ್ಲ. ಬೆಳಿಗ್ಗೆ ಅಕ್ಕ ಚಾ ತಂದಾಗ ಪರದೆ ಮೇಲೆ ಕಳಿಸಿದ್ದು 10,00,000, ಬಂದದ್ದು 10,00,000. ಕ್ರಮಸಂಖ್ಯೆ ಒಂದೂ ತಪ್ಪಿರಲಿಲ್ಲ. ಅಕ್ಕ ಒಂದಿಷ್ಟು ಹೊತ್ತು ನೋಡಿ "ಈಗ ಮಾತಾಡ್ತಾವೇನೋ?" ಅಂದಳು.

ಸೋಮವಾರ ಪ್ರಾಜೆಕ್ಟು ಮಾರೋನ ಫೋನು ಎರಡು ಸಲ ಬಂತು. ಹುಡುಗ ಎತ್ತಲಿಲ್ಲ. ಸೆನ್ಸರ್ ವೈರು ಸುಲೀತಾ ಕೂತಿದ್ದ.

ಒಂದು ಬಾಕಿ ಇದೆ. ಮಾತಿನ ಮಧ್ಯೆ ಎಂ4 ಸತ್ತು ಮತ್ತೆ ಎದ್ದರೆ, ದಾರಿಯಲ್ಲಿದ್ದ ಪತ್ರಗಳ ಗತಿ ಏನು? ಮುಂದಿನ ಸಲ ಹೋದಾಗ ಅದನ್ನೇ ನೋಡಬೇಕು. ನಿಮ್ಮಲ್ಲಿ ಯಾರಾದ್ರೂ ಮಾಡಿ ನೋಡಿದ್ರೆ ಹೇಳಿ.