ಮುತ್ಯಾ ಕಂಡ ಉಳ್ಳಾಗಡ್ಡಿ

ಬ್ಯಾಂಕಿನ ನೌಕರಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಊರಿನ ನೀರು ಕುಡಿದವನು ನಾನು. ಮೊನ್ನೆ ಮತ್ತೆ ಅದೇ ದಾರಿಯ ಬಸ್ಸು ಹತ್ತಿದೆ. ಇಂಡಿಯಲ್ಲಿ ನಿಂಬೆಹಣ್ಣು ಕೊಂಡೆ. ಜಿಐ ಟ್ಯಾಗ್ ಪಡೆದ ಹಣ್ಣದು! ಸಿಂದಗಿಯಲ್ಲಿ ಚಹಾ, ಬಾಗೇವಾಡಿಯಲ್ಲಿ ಒಂದು ಕಿಲೋ ಉಳ್ಳಾಗಡ್ಡಿ. ಮುದ್ದೇಬಿಹಾಳದಲ್ಲಿ ಒಂಬತ್ತನೇ ಇಯತ್ತೆ ಓದುವ ಮೊಮ್ಮಗಳಿಗೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎರಡೂ ಬೇಕಿದ್ದವು.

ನಿಂಬೆರಸ ತಾಗಿದ್ದೇ ನೀಲಿ ಲಿಟ್ಮಸ್ ಕೆಂಪಾಯಿತು. ಆಮೇಲೆ ಉಳ್ಳಾಗಡ್ಡಿಯ ತೆಳು ಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ಹರವಿ, ಒಂದು ಹನಿ ಅಯೋಡಿನ್ ಹಾಕಿದಳು.

“ಮುತ್ಯಾ, ಮ್ಯಾಲಿನ ಗಾಜು ಓರೆ ಹಿಡದು ಸಾವಕಾಶ ಬಿಡಬೇಕು. ಇಲ್ಲಂದ್ರ ಗಾಳಿಗುಳ್ಳಿ ಸೇರ್ತಾವ.”

ನಾನು ಓದುವಾಗ ಸೂಕ್ಷ್ಮದರ್ಶಕ ಕಪಾಟಿನಲ್ಲಿ, ಬೀಗದೊಳಗೆ. ಹಲಗೆ ನೋಡಿ ಚಿತ್ರ ಬರೆದೆ, ಅಂಕ ಪಡೆದೆ, ಮುಂದೆ ಬಿಕಾಂ ಮಾಡಿದೆ. ಈಗ ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಕಣ್ಣಿಟ್ಟೆ. ಬರೀ ಮಂಜು. ಅವಳು ನನ್ನ ಬೆರಳು ಹಿಡಿದು ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು. ಇಟ್ಟಿಗೆ ಗೋಡೆಯಂತೆ ಸಾಲು ಸಾಲು ಜೀವಕೋಶಗಳು! ಒಂದೊಂದರಲ್ಲೂ ಚುಕ್ಕೆಯಂಥ ಕೋಶಕೇಂದ್ರ.

1665ರಲ್ಲಿ ರಾಬರ್ಟ್ ಹುಕ್ ಇಂಥ ಕೋಣೆಗಳನ್ನು ಕಾರ್ಕಿನ ಚೂರಿನಲ್ಲಿ ಕಂಡನಂತೆ. ನನಗೆ ಕಾಣಿಸಿದವಳು ಮೊಮ್ಮಗಳು. ನನ್ನ ಹಳೆಯ ಬಾಕಿ ಅಂದು ಚುಕ್ತಾ ಆಯಿತು.

ಮಕ್ಕಳೇ, ನಿಮ್ಮ ಪ್ರಯೋಗಶಾಲೆಗೆ ಮನೆಯ ಹಿರಿಯರನ್ನೂ ಒಮ್ಮೆ ಕರೆದುಕೊಂಡು ಹೋಗಿ.