ಹಳೆಯ ಡಿಸ್ಕ್, ಹೊಸ ಬೋರ್ಡು

ಮದರ್‌ಬೋರ್ಡ್ ಕೆಟ್ಟಿತೆಂದರೆ ರಿಪೇರಿಯವರ ಮಾತು ಸಾಮಾನ್ಯವಾಗಿ ಒಂದೇ: "ಬೋರ್ಡು ಬದಲಿಸಿ, ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿಬಿಡೋಣ." 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಈ ಮಾತು ನಿಜವೇ ಆಗಿತ್ತು. ಹೊಸ ಬೋರ್ಡಿನ ಡಿಸ್ಕ್ ನಿಯಂತ್ರಕ ಬೇರೆ ಬಗೆಯದಾಗಿದ್ದರೆ, ಅದಕ್ಕೆ ತಕ್ಕ ಡ್ರೈವರ್ ಇಲ್ಲದೆ ಯಂತ್ರ ತನ್ನ ಡಿಸ್ಕನ್ನೇ ಓದಲಾರದೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು.

2022ರಲ್ಲಿ ನಮ್ಮ ಮನೆಯ ಕಂಪ್ಯೂಟರ್ ತಾನಾಗಿಯೇ ಆರಿಹೋಗತೊಡಗಿತು. ನನ್ನ ಪತ್ನಿಯ ಹೊಲಿಗೆ ಲೆಕ್ಕವೆಲ್ಲ ಅದರಲ್ಲಿತ್ತು. ಅದೂ ನಮ್ಮ ಸೋದರಳಿಯ ವಿದ್ಯಾರ್ಥಿದೆಸೆಯಲ್ಲಿ ಬರೆದುಕೊಟ್ಟ ಪುಟ್ಟ ಪ್ರೋಗ್ರಾಮೊಂದರಲ್ಲಿ. ಅದನ್ನು ಮತ್ತೆ ಸ್ಥಾಪಿಸುವ ಸಿ.ಡಿ. ನಮ್ಮಲ್ಲಿಯೂ ಇಲ್ಲ, ಅವನಲ್ಲಿಯೂ ಇಲ್ಲ. ಫಾರ್ಮ್ಯಾಟ್ ಎಂದೊಡನೆ ಆಕೆ, "ಅಳತೆ ಹೋದರೆ ಮತ್ತೆ ತೆಗೆದುಕೊಳ್ಳಬಹುದು ರೀ. ಬಾಕಿಯ ಪಟ್ಟಿ ಹೋದರೆ ಯಾವ ಬಾಯಿಂದ ಕೇಳಲಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸೋದರಳಿಯ ಫೋನಿನಲ್ಲಿಯೇ ದಾರಿ ತೋರಿದ. ವಿಂಡೋಸ್ 10 ಹೊಸ ಬೋರ್ಡನ್ನು ಕಂಡಾಗ ತಕ್ಕ ಡ್ರೈವರ್‌ಗಳನ್ನು ಬಹುಮಟ್ಟಿಗೆ ತಾನೇ ಹುಡುಕಿಕೊಳ್ಳುತ್ತದಂತೆ. ಆದರೂ ಮೊದಲು ಇಡೀ ಡಿಸ್ಕಿನ ಪ್ರತಿಯೊಂದನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿರಿಸಲೇಬೇಕೆಂದ. ಯಂತ್ರ ಅರೆಜೀವದಲ್ಲಿರುವಾಗಲೇ ಮಾಡಬೇಕಾದ ಇನ್ನೊಂದು ಕೆಲಸವನ್ನು ನಾವು ಊಹಿಸಿಯೂ ಇರಲಿಲ್ಲ. ನಮ್ಮ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿತ್ತು. ಅದರ ಕೀಲಿಯನ್ನು ಕಾಯುವ ಚಿಪ್ ಇದ್ದುದು ಹಳೆಯ ಬೋರ್ಡಿನಲ್ಲಿ! ಬೋರ್ಡು ಬದಲಾದೊಡನೆ ಯಂತ್ರ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಅದಿಲ್ಲವಾದರೆ ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಒಳಗಿನದು ದಕ್ಕದು. ಬೀಗವನ್ನು ತಾತ್ಕಾಲಿಕವಾಗಿ ತಡೆಹಿಡಿದೆವು. ಆ ಅಂಕಿಗಳನ್ನು ಆಕೆ ತನ್ನ ಹೊಲಿಗೆ ಪುಸ್ತಕದಲ್ಲಿ ಬರೆದುಕೊಂಡಳು, ಎರಡು ಸಲ ಓದಿಸಿ.

ಹೊಸ ಬೋರ್ಡು ಕೂಡಿಸಿದ ಮೇಲೆ ಅದರ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಓದುವ ವಿಧಾನ ಹಳೆಯದರಂತೆಯೇ ಇದೆಯೇ ಎಂದು ನೋಡಿದೆವು. ಮೊದಲ ಸಲ ಯಂತ್ರ ಏಳಲು ಬಹಳ ಹೊತ್ತು ಹಿಡಿಯಿತು. ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದಷ್ಟು ಹೊತ್ತೂ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಪ್ರೋಗ್ರಾಮು ತೆರೆಯಿತು. ಬಾಕಿಯ ಪಟ್ಟಿ ಇದ್ದಂತೆಯೇ ಇತ್ತು.

ಪರವಾನಗಿಯ ಮಾತೊಂದು ಉಳಿಯಿತು. ಯಂತ್ರದೊಡನೆ ತಯಾರಕರಿಂದಲೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಬೋರ್ಡಿಗೇ ಮೀಸಲು. ಬಿಡಿಯಾಗಿ ಕೊಂಡದ್ದನ್ನು ಬೇರೆ ಬೋರ್ಡಿಗೆ ಒಯ್ಯಬಹುದು. ನಮ್ಮದು ಬಿಡಿಯಾಗಿ ಕೊಂಡದ್ದು, ಮೈಕ್ರೋಸಾಫ್ಟ್ ಖಾತೆಗೆ ಮೊದಲೇ ಜೋಡಿಸಿದ್ದು. ಆದ್ದರಿಂದ ಯಂತ್ರಾಂಶ ಬದಲಾಗಿದೆಯೆಂದು ಪರದೆಯಲ್ಲಿ ತಿಳಿಸಿದೊಡನೆ ಒಪ್ಪಿಗೆ ದೊರೆಯಿತು. ಉಳಿಸಿಕೊಳ್ಳಬೇಕಾದದ್ದೇನೂ ಇಲ್ಲದವರಿಗೆ ರಿಪೇರಿಯವರ ದಾರಿಯೇ ಈಗಲೂ ಸುಲಭ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿಯಿತು. ವಿಂಡೋಸ್ 11ರಲ್ಲಿಯೂ ಕ್ರಮ ಹೆಚ್ಚುಕಡಿಮೆ ಇದೇ.