ಕಾವಲೂರಿನಲ್ಲಿ ಒಂದು ರಾತ್ರಿ

ಮೂವತ್ತು ವರ್ಷಕಾಲ ನಾವು ಸಂಸ್ಕೃತದ ತರಗತಿಯಲ್ಲಿ ‘ನಕ್ಷತ್ರ’ ಎಂಬ ಪದಕ್ಕೆ ‘ಕ್ಷಯಿಸದುದು’ ಎಂದೇ ವ್ಯುತ್ಪತ್ತಿ ಹೇಳುತ್ತ ಬಂದೆವು. ಆ ವಿಷಯದಲ್ಲಿ ನಮಗೆ ಸಂಶಯವೇ ಹುಟ್ಟಿರಲಿಲ್ಲ. ಕಳೆದ ವರ್ಷ ನಮ್ಮ ಗೃಹಿಣಿಯು ಕಾಲವಾದಾಗ, ಅಳುತ್ತಿದ್ದ ಒಂಬತ್ತು ವರ್ಷದ ಮೊಮ್ಮಗಳಿಗೆ ‘ಅಜ್ಜಿ ನಕ್ಷತ್ರವಾಗಿದ್ದಾಳೆ, ಮಗು’ ಎಂದು ಸಮಾಧಾನ ಹೇಳಿದುದೂ ಆ ಅರ್ಥದ ಬಲದಿಂದಲೇ. ಕಾವಲೂರಿಗೆ ಹೋದಾಗ ಆ ಎರಡು ಮಾತುಗಳನ್ನೂ ತಿದ್ದಿಕೊಳ್ಳಬೇಕಾಗಿ ಬಂದಿತು.

ಕಾವಲೂರು ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಣ ಸಣ್ಣ ಹಳ್ಳಿ. ನಾವು ಮೊಮ್ಮಗಳೊಡನೆ ಪುಷ್ಯಮಾಸದ ಅಮಾವಾಸ್ಯೆಯ ಸುಮಾರಿಗೆ ರೈಲಿನಲ್ಲಿ ಜೋಲಾರ್‌ಪೇಟೆಗೆ ಹೋಗಿ, ಅಲ್ಲಿಂದ ಆಲಂಗಾಯಂ ಮಾರ್ಗವಾಗಿ ಬೆಟ್ಟವನ್ನೇರಿದೆವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಧಶಾಲೆಯು ಅಲ್ಲಿರುವುದು. ಅದನ್ನು ಕಟ್ಟಿ ಬೆಳೆಸಿದ ವೈನು ಬಪ್ಪು ಅವರು 1982ರಲ್ಲಿಯೇ ತೀರಿಕೊಂಡರು. ಅವರು ಕನಸು ಕಂಡ 2.34 ಮೀಟರ್ ಕನ್ನಡಿಯ ದೂರದರ್ಶಕವು 1986ರಲ್ಲಿ ಅವರ ಹೆಸರನ್ನೇ ಹೊತ್ತು ನಿಂತಿತು.

ಕತ್ತಲಾದ ಮೇಲೆ ಅಲ್ಲಿನ ತರುಣ ವಿದ್ವಾಂಸರೊಬ್ಬರು ಸಂದರ್ಶಕರ ಸಣ್ಣ ದೂರದರ್ಶಕವನ್ನು ಮಹಾವ್ಯಾಧನ ನಡುಪಟ್ಟಿಯ ಕೆಳಗೆ ತಿರುಗಿಸಿದರು. ಬೂದಿ ಊದಿದಂತೆ ಒಂದು ಮಂಜು ಕಂಡಿತು.

“ಇದು ಹೆರಿಗೆಮನೆ, ಮೇಷ್ಟ್ರೇ,” ಎಂದರವರು. ಅನಿಲವೂ ಧೂಳೂ ಕೂಡಿದ ಮೇಘವು ತನ್ನ ಭಾರದಿಂದಲೇ ಕುಗ್ಗುತ್ತದೆಯಂತೆ. ಗರ್ಭದ ಉಷ್ಣವು ಕೋಟಿ ಡಿಗ್ರಿ ಮುಟ್ಟಿದಾಗ ಜಲಜನಕವು ಬೆಸೆದು ಹೀಲಿಯಂ ಆಗುತ್ತದೆ, ತಾರೆಯು ಹೊತ್ತಿಕೊಳ್ಳುತ್ತದೆ. ಕೃತ್ತಿಕೆಯ ತಾರೆಗಳಿಗೆ ಸುಮಾರು 10 ಕೋಟಿ ವರ್ಷ. ಅವು ಇನ್ನೂ ಎಳೆಯವು. ನಮ್ಮ ಸೂರ್ಯನಿಗೆ 460 ಕೋಟಿ. ಅವನು ನಡುವಯಸ್ಸಿನ ಗೃಹಸ್ಥ. ರೋಹಿಣಿಯು ಮುದುಕಿ: ಗರ್ಭದ ಜಲಜನಕವು ತೀರಿ, ಮೈಯುಬ್ಬಿ ಕೆಂಪಾಗಿ, ಸೂರ್ಯನ ನಲವತ್ತು ಪಟ್ಟಿಗೂ ಮಿಗಿಲಾದ ವ್ಯಾಸವುಳ್ಳದ್ದಾಗಿದೆ. ಸೂರ್ಯನೂ ಸುಮಾರು 500 ಕೋಟಿ ವರ್ಷಗಳ ತರುವಾಯ ಹೀಗೆಯೇ ಉಬ್ಬಿ, ಹೊರಮೈಯನ್ನು ಕಳಚಿ, ಶ್ವೇತಕುಬ್ಜನಾಗಿ ತಣಿಯತಕ್ಕವನು. ಹಾಗೆ ನಿಲ್ಲಬಲ್ಲ ಒಡಲಿನ ಭಾರಕ್ಕೂ ಒಂದು ಮಿತಿಯುಂಟು. ಅದು ಸೂರ್ಯನ ಭಾರದ ಸುಮಾರು 1.4 ಪಟ್ಟು. ಆ ಮಿತಿಯ ಗಣಿತವನ್ನು ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರರು 1930ರಲ್ಲಿ ಇಂಗ್ಲೆಂಡಿನ ಹಡಗಿನಲ್ಲಿ ಆರಂಭಿಸಿದರು.

ಭಾರವಾದ ತಾರೆಗಳು ದುಂದುಗಾರರ ಮನೆಯಂತೆ. ಆರ್ದ್ರೆಯು ಸೂರ್ಯನಿಗಿಂತ ಹತ್ತಾರು ಪಟ್ಟು ದೊಡ್ಡ ಆಸ್ತಿಯೊಡನೆ ಹುಟ್ಟಿಯೂ ಕೋಟಿ ವರ್ಷದೊಳಗಾಗಿ ಅದನ್ನು ಉರಿಸಿ, ಈಗ ಸಿಡಿಯುವ ದಿನಕ್ಕೆ ಕಾದಿದೆ. ಅಂಥದೊಂದು ಸಿಡಿದುದನ್ನು 1054ರಲ್ಲಿ ಚೀನಾದೇಶದ ಜೋಯಿಸರು 23 ದಿವಸ ಹಗಲಿನಲ್ಲಿಯೂ ಕಂಡರು. ಅದರ ಅವಶೇಷವು ಇಂದಿಗೂ ವೃಷಭರಾಶಿಯಲ್ಲಿ ಹರಡುತ್ತಲಿದೆ.

ಮೊಮ್ಮಗಳು ನಮ್ಮ ಶಾಲಿನ ಅಂಚನ್ನು ಜಗ್ಗಿದಳು. “ತಾತ, ಹಾಗಾದರೆ ಅಜ್ಜಿಯೂ ಆರಿಹೋಗುತ್ತಾಳೆಯೇ?”

ವ್ಯಾಕರಣವು ಆಗ ನಮಗೆ ನೆರವಾಗಲಿಲ್ಲ. ತರುಣರೇ ಮೊಣಕಾಲೂರಿ ಕುಳಿತು ಅವಳ ಕೈಯನ್ನು ಹಿಡಿದುಕೊಂಡರು. “ನಕ್ಷತ್ರಗಳು ಆರುವುದು ನಿಜ, ಪುಟ್ಟಮ್ಮ. ಆದರೆ ನಿನ್ನ ರಕ್ತದಲ್ಲಿರುವ ಕಬ್ಬಿಣ, ಮೂಳೆಯಲ್ಲಿರುವ ಸುಣ್ಣದ ಸಾರ, ಇವೆಲ್ಲ ಹಿಂದೆ ನಕ್ಷತ್ರಗಳ ಒಡಲಿನಲ್ಲಿ ಬೆಂದು, ಅವು ಸತ್ತಾಗ ಹೊರಚೆಲ್ಲಿದುವು. ಅವು ಸಾಯದಿದ್ದರೆ ನೀನಿಲ್ಲ, ನಾನಿಲ್ಲ.”

ಮಗು ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡಿತು. ಬಳಿಕ, “ಅಜ್ಜಿಯ ಕೈರುಚಿ ಅಮ್ಮನ ಸಾರಿಗೆ ಬಂದಿದೆಯಲ್ಲ, ಹಾಗೆಯೇ?” ಎಂದಿತು.

“ಹಾಗೆಯೇ, ಮಗು,” ಎಂದೆವು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಅದಕ್ಕಿಂತ ಹೆಚ್ಚಿನ ವ್ಯಾಖ್ಯಾನವು ತೋಚಲಿಲ್ಲ. ಅವಳು ಇನ್ನೊಮ್ಮೆ ಆ ಹೆರಿಗೆಮನೆಯನ್ನು ನೋಡಬೇಕೆಂದಳು; ನಾವು ಎತ್ತಿ ಹಿಡಿದೆವು.